ನೀಲಿ ಗೆರೆಯ ಕೆಳಗೆ

ಹನ್ನೊಂದು ವರ್ಷ ಬಸ್ಸು ಓಡಿಸಿದವನು ಫಲನಿಕೋ.
ವೆಲಿಂಗ್ಟನ್ನಿನ ಬಡಾವಣೆಗಳು ಅವನಿಗೆ
ಹೆಸರಿಗಿಂತ ಮೊದಲು ಬ್ರೇಕಿನಿಂದ ಗೊತ್ತು.
ಬ್ರೂಕ್ಲಿನ್ ಎಂದರೆ ಏದುಸಿರು,
ಹತೈತೈ ಎಂದರೆ ಕನ್ನಡಿಗೂ ಗೋಡೆಗೂ ಗೇಣಿಲ್ಲದ ಸುರಂಗ,
ಮಿರಾಮಾರ್ ಎಂದರೆ ನೆತ್ತಿ ಸವರುವ ವಿಮಾನ.

ನನಗೆ ಬಿಸಿಲು ಬೇಕು, ಎಂದೆ.
ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ
ಹಗಲು ಕಳೆಯುವವಳು ಬೇರೇನು ಕೇಳಿಯಾಳು?
ಈ ಊರಲ್ಲಿ ಬಿಸಿಲಿಗೂ ಬೆಲೆ ಕಟ್ಟಿದ್ದಾರೆ,
ಗುಡ್ಡದ ಈ ಮಗ್ಗುಲಿಗೆ ಒಂದು, ಆ ಮಗ್ಗುಲಿಗೆ ಒಂದು.
ಜುಲೈಯ ಮೂರು ಗಂಟೆಗೇ ಮಬ್ಬಾಗುವ ಕಣಿವೆ,
ಬೆನ್ನು ಆನಿಸಿದರೆ ಕೋಟು ಒದ್ದೆಯಾಗುವ ಗೋಡೆ,
ಅವು ನಮ್ಮ ಬಜೆಟ್ಟಿನವು.

ಹದಿನೇಳು ಶನಿವಾರ.
ಪರರ ಬಾಗಿಲಲ್ಲಿ ಷೂ ಕಳಚಿ,
ಪರರ ನಲ್ಲಿ ತಿರುಗಿಸಿ, ಪರರ ಕಪಾಟು ಮೂಸಿ,
ಮಂಚ ಎಲ್ಲಿ, ಮಗಳು ಎಲ್ಲಿ ಎಂದು ಪಿಸುಗುಟ್ಟಿ.
ಹಾಸಿಗೆ ಇದ್ದಷ್ಟು ಕಾಲು ಚಾಚಿ, ಎಂದಿತು ಬ್ಯಾಂಕು.
ಹಾಸಿಗೆ ಅಳೆದ ಟೇಪೂ ಅದರದೇ.

ಆಮೇಲೆ ಐಲಂಡ್ ಬೇ.
ಇಟಲಿಯಿಂದ ಬಂದ ಮೀನುಗಾರರ ಹಳೆಯ ಬೀದಿ,
ದಕ್ಷಿಣದ ಗಾಳಿಗೆ ಒಂದೇ ಕಡೆ ಬಾಗಿದ ಪೊದೆ.
ಮೂರು ಕೋಣೆ, ಉಪ್ಪು ತಿಂದ ತಗಡಿನ ಮಾಡು,
ಹಿತ್ತಲಲ್ಲಿ ಗೋಡೆಗೆ ಅಂಟಿಕೊಂಡ ನಿಂಬೆಗಿಡ,
ಅಡುಗೆಮನೆಯ ಕಿಟಕಿಯಲ್ಲಿ, ನನ್ನಾಣೆಗೂ, ಬಿಸಿಲು,
ಕರೆಯದೆ ಬಂದು ತೊಡೆಯೇರಿದ ಬೆಕ್ಕಿನ ಹಾಗೆ.

ಬೆಲೆ ಕಡಿಮೆ. ಯಾಕೆಂದು ಏಜೆಂಟ್ ಡೆಸ್ಮಂಡ್ ಹೇಳಲಿಲ್ಲ,
ರಸ್ತೆ ಹೇಳಿತು.
ಏರಿನ ಮೇಲೆ, ಡಾಂಬರಿಗೆ ಅಡ್ಡಲಾಗಿ
ದಪ್ಪ ನೀಲಿ ಗೆರೆ:
ಸುನಾಮಿ ಬಂದರೆ ನೀರು ಇಲ್ಲಿವರೆಗೆ ಬಂದೀತು.
ಗೆರೆಯಾಚೆಗೂ ಇಂಥದೇ ಮನೆ. ಇಂಥದೇ ಮಾಡು. ನಿಂಬೆಗಿಡವಿಲ್ಲ.
ಒಂದೂವರೆ ಲಕ್ಷ ಡಾಲರ್ ಜಾಸ್ತಿ.

ನಾನು ಅವನ ಮುಖ ನೋಡಲಿಲ್ಲ.
ಸಮೋವಾದಲ್ಲಿ, ಉಪೋಲುವಿನ ದಕ್ಷಿಣ ದಂಡೆಯಲ್ಲಿ,
ಅವನ ಚಿಕ್ಕಮ್ಮ ಲೂಪೆ, ನೆಲದ ನಡುಕ ನಿಂತ ಮೇಲೆ
ಅರ್ಧ ಗುಡ್ಡ ಹತ್ತಿದ್ದವಳು, ತಿರುಗಿ ಹೋದಳು
ಹೊಲಿಗೆ ಯಂತ್ರಕ್ಕಾಗಿ.
ಇನ್ನೂ ಎರಡು ಕಂತು ಬಾಕಿಯಿತ್ತು.
ಯಂತ್ರ ಸಿಕ್ಕಿತು, ಒಂದು ತೆಂಗಿನ ಬುಡದಲ್ಲಿ.

ಅವನು ಮಾತಾಡದೆ ಮಗಳನ್ನು ಹೆಗಲಿಗೇರಿಸಿಕೊಂಡ.
ಬಾಗಿಲಿನಿಂದ ಗೆರೆಯವರೆಗೆ ಎಣಿಸುತ್ತ ನಡೆದ.
ಇನ್ನೂರ ಹನ್ನೆರಡು.
ಮಂಡಿನೋವಿನ ನನ್ನಮ್ಮನ ಕೈ ಹಿಡಿದು ಮತ್ತೊಮ್ಮೆ.
ರಾತ್ರಿಯ ಲೆಕ್ಕಕ್ಕೆಂದು ಕಣ್ಣು ಮುಚ್ಚಿ ಇನ್ನೊಮ್ಮೆ.
ಬೀದಿಯವರು ಪರದೆ ಸರಿಸಿ ನೋಡಿದರು,
ಡೆಸ್ಮಂಡ್ ತನ್ನ ಕಾರನ್ನು ನೋಡಿಕೊಂಡ.
ಎರಡು ನಿಮಿಷ. ಅಮ್ಮನೊಂದಿಗೆ ಏಳು.
"ಆರು," ಎಂದಳು ಅಮ್ಮ,
"ನಡುವೆ ನಿಂತು ನಿನ್ನನ್ನು ಬೈದದ್ದು ಕಳೆ."

ಆ ರಾತ್ರಿ ಬಾಡಿಗೆಯ ಅಡುಗೆಮನೆಯಲ್ಲಿ ಟೆಂಡರಿನ ಹಾಳೆ.
ಒಂದೇ ಷರತ್ತು ನೈರಿ, ಎಂದ ಅವನು,
ತಿರುಗಿ ಹೋಗಿ ತರಬೇಕೆನ್ನಿಸುವಂಥದು
ಏನೂ ಆ ಮನೆಯಲ್ಲಿ ಇರಕೂಡದು.
ಹಾಗಾದರೆ ಮನೆ ಯಾಕೆ, ಎಂದೆ.
ಅವನು ಅಂಕಿ ಬರೆದ, ಹೊಡೆದ, ಮತ್ತೆ ಬರೆದ,
ಕೊನೆಗೆ ಹದಿನೇಳು ಡಾಲರ್ ಸೇರಿಸಿದ,
ಸೊನ್ನೆಗಳಲ್ಲಿ ನಿಲ್ಲಿಸಿದವರನ್ನು ಕೂದಲೆಳೆಯಲ್ಲಿ ಸೋಲಿಸಲು.
ಲಕೋಟೆಯ ಅಂಟು ನೆಕ್ಕಿದ್ದು ನಾನು.

ಬುಧವಾರದವರೆಗೆ ಕಾಯಬೇಕು.
ನೆಲಮಾಳಿಗೆಯಲ್ಲಿ ಬಿಳಿ ಹಾಸುಗಳನ್ನು ಮಡಚುತ್ತ
ಆ ಮನೆಯನ್ನು ತುಂಬುತ್ತೇನೆ, ಖಾಲಿ ಮಾಡುತ್ತೇನೆ.
ಮೇಜು, ಬಿಟ್ಟು ಬರಬಲ್ಲೆ.
ಅಜ್ಜಿಯ ಹಸಿರು ಬೋಗುಣಿ, ಬಿಟ್ಟೇನು, ಬೈದುಕೊಂಡು.
ನಿಂಬೆಗಿಡ ಹೇಗೂ ಎದ್ದು ಬರುವುದಿಲ್ಲ.
ಕಿಟಕಿಯ ಹತ್ತಿರ ಬಂದಾಗ ಕೈ ನಿಲ್ಲುತ್ತದೆ,
ಮುಂದಿನ ಗಾಡಿ ಬಂದು ಮೊಣಕೈಗೆ ತಾಗುತ್ತದೆ.

ಮಧ್ಯಾಹ್ನ ಅಮ್ಮ ಫೋನು ಮಾಡಿದಳು.
ಆ ಏರಿಗೆಂದು ಹೊಸ ಷೂ ಕೊಂಡಳಂತೆ,
ಕೆಂಪು ಲಾಡಿಯವು, ಕತ್ತಲಲ್ಲೂ ಕಾಣಲಿ ಎಂದು.